ಮುಚ್ಚಿದ ಲ್ಯಾಪ್‌ಟಾಪಿನ ಅಂಚಿನಲ್ಲಿ ಕಂಡ ಬೆಳಕು

2006ರ ಚಳಿಗಾಲ. ಇಂದಿರಾನಗರದ ಒಂದು ಸಣ್ಣ ಕಂಪನಿಗೆ ನಾನು ದೊಡ್ಡನೆಕ್ಕುಂದಿಯ ನಮ್ಮ ಮನೆಯಿಂದಲೇ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಮಾಡುತ್ತಿದ್ದೆ. ಆ ಶುಕ್ರವಾರ ಬೆಳಿಗ್ಗೆ ದೇವರ ಪೂಜೆ ಮುಗಿಸಿ, ಅಡುಗೆಮನೆಯ ನೆಲದ ಮೇಲೆ ಕೂತು, ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿತಕುತ್ತಿದ್ದೆ. ಬೇಳೆಗಳು ಬೆರಳ ಸಂದಿಯಿಂದ ಚಿಮ್ಮಿ ಪಾತ್ರೆಗೆ ಬೀಳುತ್ತಿದ್ದವು. ಒಂದೊಂದು ಬೇಳೆ ಮಾತು ಕೇಳದೆ ಸಿಲಿಂಡರಿನ ಹಿಂದಕ್ಕೆ ಓಡುತ್ತಿತ್ತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದರೆ ಕಂಪನಿಯ ಸೂಪರ್‌ವೈಸರ್ ಶೀಲಾ ಮೇಡಂ.

"ಜಯಂತಿಯವ್ರೇ, ನಿನ್ನೇನೂ ಎರಡು ಫೈಲ್ ಲೇಟು. ನಾನಾದ್ರೂ ಎಷ್ಟೂಂತ ಸಮಾಧಾನ ಹೇಳ್ಲಿ ಮೇಲಿನೋರಿಗೆ? ಇವತ್ತಿನ ಫೈಲ್ ಟೈಮಿಗೆ ಬರ್ಲಿಲ್ಲ ಅಂದ್ರೆ ಸೋಮವಾರ ಸಿಸ್ಟಮ್ ವಾಪಸ್ ತರಿಸ್ಕೊಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ."

"ಇಲ್ಲ ಮೇಡಂ, ಇವತ್ತು ಕಳಿಸ್ತೀನಿ" ಅಂದೆ. ಕಳಿಸುವುದು ನನ್ನ ಕೈಯಲ್ಲಿತ್ತೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಈ ಕೆಲಸ ಏನೆಂದು ಹೇಳಿಬಿಡುತ್ತೇನೆ. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ವಿವರವನ್ನು ಬರೆಯುವ ಬದಲು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಆ ಧ್ವನಿಯ ಫೈಲು ಇಂಟರ್ನೆಟ್ಟಿನಲ್ಲಿ ನಮಗೆ ಬರುತ್ತಿತ್ತು. ಕಿವಿಗೆ ಹೆಡ್‌ಫೋನ್, ಕಾಲ ಕೆಳಗೆ ಹೊಲಿಗೆ ಮಿಷಿನ್ನಿನಂಥ ಒಂದು ಪೆಡಲ್. ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕೇಳುತ್ತ ಕೇಳುತ್ತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಅಲ್ಲಿ ಬೆಳಗಾಗುವುದರೊಳಗೆ, ಅಂದರೆ ನಮ್ಮಲ್ಲಿ ಸಂಜೆಯೊಳಗೆ, ಕಳಿಸಬೇಕು. ರೋಗಿಯ ವಿಷಯ ಹೊರಗೆ ಬಾಯಿ ಬಿಡಬಾರದು. ಬಿಡಲಿಕ್ಕೆ ನಮಗೆ ಮುಖವೂ ಗೊತ್ತಿಲ್ಲ, ಕಥೆಯ ಕೊನೆಯೂ ಗೊತ್ತಿಲ್ಲ. ಒಬ್ಬರ ಹೃದಯ, ಇನ್ನೊಬ್ಬರ ಮೊಣಕಾಲು ದಿನಾ ಕಿವಿಗೆ ಬಿದ್ದು ಹೋಗುತ್ತಿದ್ದವು. ಸಂಜೆ ದೀಪ ಹಚ್ಚುವಾಗ ಅವರೆಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹಾಕುತ್ತಿದ್ದೆ.

ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಬಂದ ನನಗೆ ಮಕ್ಕಳು ದೊಡ್ಡವರಾದ ಮೇಲೆ ಸಿಕ್ಕಿದ, ನನ್ನದೇ ಅನ್ನಿಸಿದ ಕೆಲಸ ಅದು. ಅದನ್ನು ಕೊಡಿಸಿದವರೆಂದರೆ ನಮ್ಮತ್ತೆ ಅಂತಲೇ ಹೇಳಬೇಕು. ಓದು ಬರಹ ಇಲ್ಲದ ಹೆಂಗಸು. ರಾಗಿ ಹೊಲ ಹೋಗಿ ಫ್ಯಾಕ್ಟರಿ ಬಂದದ್ದನ್ನು ಕಣ್ಣಾರೆ ನೋಡಿದವರು. ಟ್ರೈನಿಂಗಿಗೆ ಹೋಗಲು ನಾನು ಹಿಂದೆಮುಂದೆ ನೋಡುತ್ತಿದ್ದಾಗ "ಓದಿದ್ದನ್ನ ಉಪ್ಪಿನಕಾಯಿ ಹಾಕ್ತೀಯಾ? ಹೋಗ್ ಬಾ. ನಿನ್ ಮುದ್ದೆ ನಾನ್ ತಿರುವ್ತೀನಿ" ಅಂದು ಬಾಗಿಲವರೆಗೆ ತಳ್ಳಿಕೊಂಡು ಬಂದಿದ್ದರು.

ನಮ್ಮದು ಹಳೆಯ ಮನೆ. ಬೀದಿಗೆ ಜಗಲಿ, ಜಗಲಿಗೆ ಸರಳಿನ ಕಿಟಕಿ, ಕಿಟಕಿಯ ಒಳಗೆ ಅಗಲವಾದ ಕಟ್ಟೆ. ನನ್ನ ಮೇಜು ಎದುರು ಗೋಡೆಗೆ ಇತ್ತು. ಕೂತರೆ ಕಿಟಕಿ ಬೆನ್ನ ಹಿಂದೆ. ಕಂಪನಿ ಕೊಟ್ಟಿದ್ದ ದಪ್ಪ ಹೊಟ್ಟೆಯ ಮಾನಿಟರ್ ಮತ್ತು ಕೀಬೋರ್ಡ್ ಇಟ್ಟರೆ ಮೇಜು ತುಂಬಿಹೋಗುತ್ತಿತ್ತು. ಆದ್ದರಿಂದ ಲ್ಯಾಪ್‌ಟಾಪನ್ನು ಕಿಟಕಿಕಟ್ಟೆಯ ಮೇಲಿಟ್ಟು ಉದ್ದನೆಯ ಕೇಬಲ್ ಎಳೆದಿದ್ದೆವು. ಕಿಟಕಿಗೆ ಅರ್ಧ ಪರದೆ. ಬೀದಿಯವರ ಮುಖ ಕಾಣುವುದಿಲ್ಲ, ಕೆಳಗಡೆ ಗೇಣಗಲ ಖಾಲಿ, ಗಾಳಿ ಆಡುತ್ತಿತ್ತು.

ಮುಚ್ಚಳ ಮುಚ್ಚಿದೊಡನೆ ನಿದ್ದೆಗೆ ಜಾರುವುದು ಲ್ಯಾಪ್‌ಟಾಪಿನ ಹುಟ್ಟುಗುಣ. ಮೊದಲನೆಯ ಲ್ಯಾಪ್‌ಟಾಪಿಗೆ ನಾನು ಮುಚ್ಚಳದ ಸಂದಿಗೆ ದಾರದ ಉಂಡೆ ಸಿಕ್ಕಿಸಿ, ಪೂರ್ತಿ ಮುಚ್ಚದ ಹಾಗೆ ಇಟ್ಟು ಕೆಲಸ ಸಾಗಿಸುತ್ತಿದ್ದೆ. ಅತ್ತೆಗೆ ಕೈ ಕೀಲುಗಳ ನೋವು. ಮಧ್ಯಾಹ್ನದ ಕಾಫಿ ಕುಡಿದು ಜಗಲಿಗೆ ಬಂದು ಕೂತು, ಸರಳಿನ ಸಂದಿಯಿಂದ ಕೈ ತೂರಿಸಿ, ಬಿಸಿಯಾಗಿದ್ದ ಲ್ಯಾಪ್‌ಟಾಪಿನ ಮೇಲೆ ಬೆರಳು ಕಾಯಿಸಿಕೊಳ್ಳುತ್ತಿದ್ದರು. "ನಿನ್ ಡಾಕ್ಟ್ರು ಮಾತಾಡಿ ಮಾತಾಡಿ ಕಾದು ಹೋಗವ್ನೆ ಕಣೆ" ಎಂದು ಹೊರಗಿನಿಂದಲೇ ಹೇಳುತ್ತಿದ್ದರು. ದೀಪ ಹಚ್ಚುವ ಹೊತ್ತಾದರೆ ಅದರ ಬೆನ್ನು ತಟ್ಟಿ, "ಸಾಕು, ಮುಚ್ಚು ಇನ್ನ" ಅನ್ನುವವರೂ ಅವರೇ.

ಆ ವರ್ಷ ದಸರಾ ಕಳೆದ ಮೇಲೆ ಅತ್ತೆ ಹೋಗಿಬಿಟ್ಟರು. ತಲೆಸುತ್ತು ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ಸ್ಕ್ಯಾನಿಗೆ ಒಳಗೆ ಕಳಿಸಿದ್ದು, ಅಷ್ಟೇ. ನರಳಲಿಲ್ಲ, ಮುತ್ತೈದೆಯಾಗಿ ಹೋದರು. ಆ ಎರಡು ದಯೆಯನ್ನು ನಾನು ಇವತ್ತಿಗೂ ದೇವರ ಲೆಕ್ಕದಲ್ಲೇ ಇಟ್ಟಿದ್ದೇನೆ. ಕ್ಯಾಂಟೀನ್ ಕೆಲಸದಿಂದ ರಿಟೈರಾಗಿ ಮನೆಯಲ್ಲಿದ್ದ ನಮ್ಮ ಮಾವ ಮಾತು ಕಡಿಮೆ ಮಾಡಿದರು. ಮಧ್ಯಾಹ್ನವಾದರೆ ಹೆಗಲಿಗೆ ಟವಲ್ ಹಾಕಿಕೊಂಡು ಜಗಲಿಗೆ ಹೋಗಿ ಅವರ ಪಾಡಿಗೆ ಕೂರುತ್ತಿದ್ದರು.

ಅತ್ತೆ ಹೋಗಿ ತಿಂಗಳಿಗೆ ನನ್ನ ಲ್ಯಾಪ್‌ಟಾಪೂ ಕೆಟ್ಟಿತು. ಕಂಪನಿಯ ರಿಪೇರಿ ಹುಡುಗ ನಯಾಜ್, ಶಿವಾಜಿನಗರದವನು, ಬೇರೊಂದನ್ನು ತಂದು ಜೋಡಿಸಿದ. ಅದು ಸೆಕೆಂಡ್ ಹ್ಯಾಂಡ್. ಮುಚ್ಚಳದ ಕೀಲು ಮುರಿದಿತ್ತು, ಒಳಗಿನ ಸ್ಕ್ರೀನಿನ ತುಂಬ ಗೀರು. "ಅಕ್ಕಾ, ಇದನ್ನ ಮುಚ್ಕೊಂಡೇ ಯೂಸ್ ಮಾಡಿ. ದಾರದ ಉಂಡೆ ಎಲ್ಲ ಬೇಡ" ಎಂದು ನಕ್ಕು, ಪವರ್ ಸೆಟ್ಟಿಂಗಿನೊಳಗೆ ಹೋಗಿ, ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ ಅಂತ ಅದಕ್ಕೆ ಹೇಳಿಕೊಟ್ಟ. ಚಿತ್ರವೆಲ್ಲ ಹೊರಗಿನ ಮಾನಿಟರಿಗೆ ಬರುವ ಹಾಗೂ ಮಾಡಿದ.

ಒಂದಷ್ಟು ದಿನ ಚೆನ್ನಾಗಿತ್ತು. ಆಮೇಲೆ ಶುರುವಾಯಿತು.

ಟೈಪ್ ಮಾಡುತ್ತ ಇರುತ್ತಿದ್ದೆ, ಮಾನಿಟರ್ ಇದ್ದಕ್ಕಿದ್ದಂತೆ ಕಪ್ಪಾಗುತ್ತಿತ್ತು. ಕರೆಂಟ್ ಹೋದರೆ ಎಲ್ಲವೂ ಹೋಗಬೇಕಲ್ಲ? ಇಲ್ಲ. ಕಿವಿಯಲ್ಲಿ ಡಾಕ್ಟರು ಮಾತಾಡುತ್ತಲೇ ಇರುತ್ತಿದ್ದರು. ಎದುರಿಗೆ ಕತ್ತಲು, ಆ ಕತ್ತಲಿನ ಹಿಂದಿನಿಂದ ಕಾಣದ ಮನುಷ್ಯನೊಬ್ಬ ಕಾಣದ ರೋಗಿಯ ಲಿವರಿನ ವಿಷಯ ಹೇಳುತ್ತಿದ್ದ. ಗಾಬರಿಯಾಗಿ ಮೇಜಿನ ಕೆಳಗೆ ಬಗ್ಗಿ ವೈರು ಅಲ್ಲಾಡಿಸುತ್ತಿದ್ದೆ. ಕೆಲವು ಸಲ ಎದ್ದು ಕೂರುವುದರೊಳಗೆ ಚಿತ್ರ ತಾನಾಗಿ ಬಂದಿರುತ್ತಿತ್ತು. ಕೆಲವು ಸಲ ಪವರ್ ಬಟನ್ ಒತ್ತಿ ಹಿಡಿದು ಆರಿಸಿ ಹಚ್ಚಬೇಕಾಗುತ್ತಿತ್ತು. ಆಗ ಟೈಪ್ ಮಾಡಿದ್ದೆಲ್ಲ ನೀರುಪಾಲು. ಫೈಲು ಲೇಟಾಗುತ್ತಿದ್ದುದು ಹೀಗೆ.

ನಯಾಜ್ ಬಂದು ಒಂದೊಂದನ್ನೇ ನೋಡಿದ. ಕೇಬಲ್ ಬಿಚ್ಚಿ ಪಿನ್ನು ಬಾಗಿದೆಯೇ ನೋಡಿದ, ಬೇರೆ ಕೇಬಲ್ ಹಾಕಿದ. ಮುಚ್ಚಳದ ಸೆಟ್ಟಿಂಗ್ ಹಾಗೇ ಇತ್ತು. ಸ್ಕ್ರೀನ್‌ಸೇವರ್ ತೆಗೆದ. ಮುಚ್ಚಿಟ್ಟರೆ ಬಿಸಿ ಏರುತ್ತದೆಂದು ಅಡಿಗೆ ಎರಡು ಮರದ ತುಂಡು ಕೊಟ್ಟ. ಇನ್ನೊಂದು ಸಲ ಮಾನಿಟರನ್ನೇ ಬದಲಾಯಿಸಿದ. ಅವನು ಬರುತ್ತಿದ್ದದ್ದು ಬೆಳಗಿನ ಹೊತ್ತು, ಅವನೆದುರು ಅದು ಒಂದು ದಿನವೂ ಕಪ್ಪಾಗಲಿಲ್ಲ.

"ಯಾವಾಗ ಹೋಗುತ್ತೆ ಅಕ್ಕಾ?"

"ಮಧ್ಯಾಹ್ನ. ಕಾಫಿ ಆದ್ಮೇಲೆ."

"ಅದಕ್ಕೂ ಕಾಫಿ ಬೇಕೇನೋ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಕಾಫಿ ಆದಮೇಲೆ ಜಗಲಿಗೆ ಬಂದು ಕೂರುತ್ತಿದ್ದವರು ಯಾರು ಎನ್ನುವುದು ಬಾಯಿಗೆ ಬಂದು ಹಿಂದಕ್ಕೆ ಹೋಯಿತು.

ಅದರ ಮರುದಿನ ಇನ್ನೊಂದು ಕಂಡೆ. ಮಾನಿಟರ್ ಕಪ್ಪಾದಾಗ ಮೇಜಿನ ಕೆಳಗಿಂದ ಎದ್ದವಳು ಕಿಟಕಿಯ ಕಡೆ ತಿರುಗಿದೆ. ಗಾಳಿಗೆ ಉಬ್ಬಿದ ಪರದೆ ಕಟ್ಟೆಯ ಅರ್ಧವನ್ನು ಮರೆಮಾಡಿತ್ತು. ಮುಚ್ಚಿದ ಲ್ಯಾಪ್‌ಟಾಪಿನ ಅಂಚಿನಲ್ಲಿ ದಾರದೆಳೆಯಷ್ಟು ಬೆಳಕು. ಒಳಗೆ ಯಾರೋ ದೀಪ ಹಚ್ಚಿಕೊಂಡು ಬಾಗಿಲು ಹಾಕಿಕೊಂಡ ಹಾಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆರಿತು, ಮಾನಿಟರಿಗೆ ಚಿತ್ರ ಬಂತು.

ಯಜಮಾನರಿಗೆ ಹೇಳಿದರೆ "ಕಣ್ಣಿಗೆ ರೆಸ್ಟ್ ಕೊಡು" ಅಂದರು. ಪಕ್ಕದ ಮನೆಯಾಕೆಗೆ ಬಾಯಿ ತಪ್ಪಿ ಹೇಳಿದೆ, ಆಕೆ ಎರಡು ಹೆಜ್ಜೆ ಹಿಂದೆ ಸರಿದು, "ಮುತ್ತೈದೆಯಾಗಿ ಹೋದೋರಿಗೆ ಮನೆ ಮೇಲೆ ಆಸೆ ಜಾಸ್ತಿ ಕಣ್ರೀ, ಒಂದ್ ಸೀರೆ ಇಟ್ಟು ಪೂಜೆ ಮಾಡ್ಸಿ" ಅಂದಳು. ಮಾಡಿಸಿದೆ. ಹಲಸೂರಿನ ಈಶ್ವರನ ಗುಡಿಗೆ ಹೋಗಿ ಬಂದೆ. ಅತ್ತೆಯ ಬಗ್ಗೆ ನನಗೆ ಭಯವಿರಲಿಲ್ಲ. ನನ್ನನ್ನು ಬಾಗಿಲವರೆಗೆ ತಳ್ಳಿಕೊಂಡು ಬಂದು ಕೆಲಸಕ್ಕೆ ಹಚ್ಚಿದ ಅವರೇ ಈಗ ಬಂದು "ಸಾಕು, ಮುಚ್ಚು" ಅನ್ನುತ್ತಿದ್ದಾರೆಯೇ, ನಾನೇನು ತಪ್ಪಿದೆ, ಅನ್ನುವುದೇ ದಿನವಿಡೀ ತಲೆಯಲ್ಲಿ ಓಡುತ್ತಿತ್ತು. ಟೈಪ್ ಮಾಡುವಾಗ ಬೆನ್ನಿಗೆ ಯಾವಾಗಲೂ ಒಂದು ತಣ್ಣಗಿನ ಭಾವ. ತಿರುಗಿ ನೋಡುವ ಧೈರ್ಯವೂ ಇಲ್ಲ, ನೋಡದೆ ಇರುವ ಧೈರ್ಯವೂ ಇಲ್ಲ.

ಹೀಗಿರುವಾಗ ಆ ಶುಕ್ರವಾರ ಬೆಳಿಗ್ಗೆ ಶೀಲಾ ಮೇಡಂ ಫೋನು ಬಂದದ್ದು. ಹಿತಕಿದ ಬೇಳೆಯನ್ನು ನೀರಿನಲ್ಲಿ ಹಾಕಿ ಮುಚ್ಚಿಟ್ಟು, ದೇವರಿಗೆ ಇನ್ನೊಂದು ಸಲ ಕೈಮುಗಿದು ಕೂತೆ. ಮಧ್ಯಾಹ್ನದವರೆಗೆ ಕೆಲಸ ಓಡಿತು. ಕರೆಂಟೂ ಹೋಗಲಿಲ್ಲ, ಬಾಗಿಲಿಗೆ ಯಾರೂ ಬರಲಿಲ್ಲ, ಕೇಳಿಸದಂಥ ಉಚ್ಚಾರದ ಡಾಕ್ಟರೂ ಆ ದಿನ ನನ್ನ ಪಾಲಿಗೆ ಬೀಳಲಿಲ್ಲ. ಮಾವನಿಗೆ ಕಾಫಿ ಕೊಟ್ಟು ಬಂದು ಕೊನೆಯ ಫೈಲು ತೆರೆದೆ. ಪ್ರಜ್ಞೆ ತಪ್ಪಿ ಮಲಗಿದ್ದ ಒಬ್ಬ ವಯಸ್ಸಾದ ಹೆಂಗಸಿನ ರಿಪೋರ್ಟು. ಡಾಕ್ಟರು ನಿಧಾನವಾಗಿ ಹೇಳುತ್ತಿದ್ದರು: ಕಣ್ಣು ಮುಚ್ಚಿವೆ, ಕರೆದರೆ ಉತ್ತರವಿಲ್ಲ, ಮುಟ್ಟಿದರೆ ಸ್ಪಂದಿಸುತ್ತಾರೆ. ಅಂಥ ವಾಕ್ಯವನ್ನು ಅದೆಷ್ಟು ಸಲ ಟೈಪ್ ಮಾಡಿದ್ದೆನೋ. ಆ ದಿನ ಮಾತ್ರ ಬೆರಳು ತಡೆಯಿತು.

ಮಾನಿಟರ್ ಕಪ್ಪಾಯಿತು.

ಕಾಲು ತಾನಾಗಿ ಪೆಡಲ್ ಬಿಟ್ಟಿತು. ಡಾಕ್ಟರ ಧ್ವನಿಯೂ ನಿಂತಿತು. ಯಾವತ್ತೂ ತಕ್ಷಣ ಮೇಜಿನ ಕೆಳಗೆ ಬಗ್ಗುವವಳು ಆ ದಿನ ಬಗ್ಗಲಿಲ್ಲ. ಬೆಳಿಗ್ಗೆಯಿಂದ ಕೂತು ಸೊಂಟ ಹಿಡಿದಿತ್ತು. ಸೊಂಟ ನೋವು ಕೂಡ ಒಮ್ಮೊಮ್ಮೆ ದೇವರು ಕೊಡುವುದೇ ಇರಬೇಕು. ಸುಮ್ಮನೆ ಆ ಕಪ್ಪು ಗಾಜನ್ನೇ ನೋಡುತ್ತ ಕೂತೆ. ಕತ್ತಲಾದ ಮಾನಿಟರ್ ಕನ್ನಡಿಯ ಹಾಗೆ. ಅದರಲ್ಲಿ ನನ್ನ ಮುಖ ಕಂಡಿತು. ಮುಖದ ಪಕ್ಕದಲ್ಲಿ ಕಿಟಕಿ, ಅರ್ಧ ಪರದೆ. ಪರದೆಯ ಕೆಳಗಿನ ಗೇಣಗಲದಲ್ಲಿ, ಸರಳಿನ ನಡುವಿನಿಂದ ಬಂದ ಒಂದು ಕೈ ಲ್ಯಾಪ್‌ಟಾಪಿನ ಮೇಲೆ ಮಲಗಿತ್ತು.

ಆ ಕೈಯಲ್ಲಿ ಅತ್ತೆಯ ಮ್ಯಾಗ್ನೆಟ್ ಬಳೆ.

ತಾಮ್ರದ ಬಳೆ, ಅದರ ತುದಿಗಳಲ್ಲಿ ಗುಂಡನೆಯ ಅಯಸ್ಕಾಂತದ ಬಿಲ್ಲೆ. ಕೀಲು ನೋವು ಹೋಗುತ್ತದೆಂದು ಕೆ.ಆರ್. ಪುರದ ಹೆಂಗಸೊಬ್ಬರು ಮನೆಮನೆಗೆ ತಂದು ಮಾರುತ್ತಿದ್ದ ಕಾಲ ಅದು. ಅತ್ತೆ ಅದನ್ನು ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಅವರ ಜೊತೆಗೇ ಹೋಯಿತೆಂದು ನಾನು ತಿಳಿದಿದ್ದೆ.

"ಅತ್ತೇ..." ಅಂದೆ.

ಕೈ ಬೆಚ್ಚಿ ಹಿಂದಕ್ಕೆ ಹೋಯಿತು. ಬಳೆ ಸರಳಿಗೆ ತಗುಲಿ ಠಣ್ ಎಂದಿತು. ಹೊರಗಿನಿಂದ ಮೆಲ್ಲಗೆ, "ನಾನಮ್ಮ... ನಾನು" ಎಂದು ಮಾವನ ಧ್ವನಿ.

ಹೊರಗೆ ಹೋದೆ. ಮಾವ ಬಲಗೈಯನ್ನು ಟವಲಿನಲ್ಲಿ ಮುಚ್ಚಿಕೊಂಡು ಬೀದಿ ನೋಡುತ್ತಿದ್ದರು.

"ಕೈಲೇನು ಮಾವ?"

"ಏನಿಲ್ಲ. ನೀನ್ ಹೋಗಿ ಕೆಲ್ಸ ನೋಡ್ಕೊ."

"ತೋರ್ಸಿ."

ಟವಲ್ ಸರಿಸಿದರು. "ಸ್ಕ್ಯಾನಿಗೆ ಕರ್ಕೊಂಡ್ ಹೋಗೋವಾಗ ನರ್ಸಮ್ಮ ಬಿಚ್ಚಿ ನನ್ ಕೈಗೆ ಕೊಟ್ಳು. ಆಚೆ ಬಂದ್ಮೇಲೆ ಹಾಕಿ ಅಂದ್ಳು. ಆಚೆ ಬಂದೋಳು..." ಟವಲಿನ ತುದಿಯಿಂದ ಬಳೆ ಒರೆಸುತ್ತ, "ಗಂಡಸು ಹೆಂಡ್ತಿ ಬಳೆ ತೊಟ್ಕೊಂಡ್ ಕೂತವ್ನೆ ಅಂತ ಊರೋರು ನಗಲ್ವಾ? ಅದಕ್ಕೇ ಜೇಬಲ್ಲಿ ಇಟ್ಕೊಂಡಿರ್ತೀನಿ. ಇಲ್ಲಿ ಕೂತಾಗ ಮಾತ್ರ ಹಾಕ್ಕೊತೀನಿ."

"ಅದನ್ನ ಹಾಕ್ಕೊಂಡು ಅದರ ಮೇಲೆ ಯಾಕೆ ಕೈ ಇಡ್ತೀರಿ?"

ಅವರು ನನ್ನ ಮುಖ ನೋಡಿದರು. ಹೇಳಬೇಕೋ ಬೇಡವೋ ಅನ್ನುವ ಹಾಗೆ. "ದೀಪ ಹತ್ತುತ್ತೆ ಕಣಮ್ಮ. ಬರೀ ಕೈ ಇಟ್ರೆ ಹತ್ತಲ್ಲ, ನಾನು ನೋಡಿದೀನಿ. ಬಳೆ ಕೈ ಇಟ್ರೆ ಮಾತ್ರ ಒಳಗಡೆ ಸಣ್ಣಗೆ ಬೆಳಕಾಗುತ್ತೆ. ಕೈ ತೆಗೆದ್ರೆ ಆರ್ಹೋಗುತ್ತೆ. ಅವಳಿಗೆ ಗೊತ್ತಾಗುತ್ತೆ ನಾನು ಬಂದಿದೀನಿ ಅಂತ."

ಇಷ್ಟು ದಿನ ಗೋಡೆಯ ಈ ಕಡೆ ನಾನು ಕತ್ತಲು ಕಂಡು ನಡುಗುತ್ತಿದ್ದೆ. ಅದೇ ಹೊತ್ತಿಗೆ ಆ ಕಡೆ ಅವರು ಬೆಳಕು ಕಾಣುತ್ತಿದ್ದರು. ಹೇಳದೆ ಬಿಟ್ಟರೆ ಸೋಮವಾರ ಮಿಷಿನ್ ಹೋಗುತ್ತದೆ, ಹೇಳಿದರೆ ಅವರ ದೀಪ ಹೋಗುತ್ತದೆ. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

"ಮಾವ, ನಿಮಗಿಲ್ಲಿ ದೀಪ ಹತ್ತಿದಾಗಲೆಲ್ಲ ನನಗೆ ಒಳಗೆ ಕತ್ತಲಾಗ್ತಿದೆ. ಅದಕ್ಕೇ ಫೈಲು ಲೇಟಾಗ್ತಿರೋದು. ಇವತ್ತೂ ಲೇಟಾದ್ರೆ ಕೆಲ್ಸ ಹೋಗುತ್ತೆ."

"ನನ್ನಿಂದಾನಾ?" ಎಂದು ಎದ್ದೇ ನಿಂತರು. "ಆ ಸಾಬರ ಹುಡುಗ ಗಾಡಿ ತಗೊಂಡು ಅಷ್ಟ್ ಸಲ ಬಂದು ಮಂಡಿ ಊರ್ಕೊಂಡು ಹುಡುಕಿದ್ದು ನನ್ನಿಂದಾನಾ? ಒಂದ್ ಮಾತು ಹೇಳ್ಬಾರ್ದೇನಮ್ಮ!" ಬಳೆ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಅದು ಲ್ಯಾಪ್‌ಟಾಪಿನ ಬಿಸಿಗೆ ಬೆಚ್ಚಗಿತ್ತು. "ತಗೊಂಡೋಗಿ ಒಳಗಿಡು. ನಿನ್ ಕೆಲ್ಸ ಹೋಯ್ತು ಅಂದ್ರೆ ನಿಮ್ಮತ್ತೆ ನನ್ನ ಬಿಡ್ತಾಳಾ? ಅಲ್ಲಿಂದಾನೇ ಬಯ್ತಾಳೆ. ಹೋಗು, ಟೈಪ್ ಹೊಡಿ."

ಬಳೆಯನ್ನು ದೇವರ ಗೂಡಿನಲ್ಲಿ ಇಟ್ಟು ಬಂದು ಕೂತೆ. ಮಾನಿಟರಿಗೆ ಚಿತ್ರ ಬಂದಿತ್ತು, ನಿಂತ ವಾಕ್ಯ ನಿಂತಲ್ಲೇ ಇತ್ತು. ಪೆಡಲ್ ಒತ್ತಿದೆ. ಆ ಹೆಂಗಸಿನ ರಿಪೋರ್ಟು ಮುಗಿಸಿ, ಇನ್ನೊಂದು ಸಲ ಓದಿ ಕಳಿಸಿದೆ. ಹೊತ್ತು ಇನ್ನೂ ಮಿಕ್ಕಿತ್ತು. ಶೀಲಾ ಮೇಡಂ ಫೋನಿನಲ್ಲಿ "ಉಳಿಸ್ಬಿಟ್ರಿ ರೀ, ನನ್ ಮರ್ಯಾದೇನೂ ಉಳಿಸಿದ್ರಿ" ಅಂದರು.

ನಯಾಜ್‌ಗೂ ಫೋನ್ ಮಾಡಿ ಬಳೆಯ ವಿಷಯ ಹೇಳಿದೆ. ಆ ಕಡೆಯಿಂದ "ಯಾ ಅಲ್ಲಾ! ಮ್ಯಾಗ್ನೆಟ್ಟಾ?" ಎಂದು ಹಣೆ ಬಡಿದುಕೊಂಡದ್ದು ಕೇಳಿಸಿತು. ಅವನು ಹೇಳಿದ್ದು ಇಷ್ಟು. ಹಳೆಯ ಲ್ಯಾಪ್‌ಟಾಪಿನಲ್ಲಿ ಮುಚ್ಚಳ ಮುಚ್ಚಿದ್ದನ್ನು ತಿಳಿಯಲು ಒಂದು ಪುಟ್ಟ ಗುಂಡಿ ಇತ್ತು. ಈ ಲ್ಯಾಪ್‌ಟಾಪಿನಲ್ಲಿ ಗುಂಡಿ ಇಲ್ಲ. ಮುಚ್ಚಳದ ಮೂಲೆಯಲ್ಲಿ ಸಣ್ಣ ಅಯಸ್ಕಾಂತ, ಅದರ ಎದುರಿಗೆ ಕೆಳಗಡೆ ಒಂದು ಸೆನ್ಸರ್. ಅಯಸ್ಕಾಂತ ಹತ್ತಿರ ಇದ್ದರೆ ಮುಚ್ಚಿದೆ ಎಂದು ಅದಕ್ಕೆ ಅರ್ಥ. ಹೊರಗಿನಿಂದ ಇನ್ನೊಂದು ಅಯಸ್ಕಾಂತ ಬಂದು ಆ ಸೆಳೆತವನ್ನು ಕೆಡಿಸಿದರೆ, ಯಾರೋ ಮುಚ್ಚಳ ತೆರೆದರೆಂದು ತಿಳಿದು ಚಿತ್ರವನ್ನು ಒಳಗಿನ ಸ್ಕ್ರೀನಿಗೆ ಕಳಿಸಿಬಿಡುತ್ತದೆ. ಅಂಚಿನಲ್ಲಿ ಕಂಡದ್ದು ಆ ಸ್ಕ್ರೀನಿನ ಬೆಳಕು. "ಸೆಟ್ಟಿಂಗ್ ಎಲ್ಲ ಕರೆಕ್ಟೇ ಇತ್ತು ಅಕ್ಕಾ. ತಾತಂಗೆ ಹೇಳಿ, ಬಳೆ ದೂರ ಇಡ್ಲಿ, ಅಷ್ಟೆ."

ಬಳೆಯನ್ನು ತಂದು ಅದೇ ಮೂಲೆಗೆ ಹಿಡಿದು ನಾನೇ ನೋಡಿದೆ. ಮಾನಿಟರ್ ಕಪ್ಪಾಯಿತು, ಅಂಚು ಬೆಳಗಿತು. ಜಗಲಿಗೆ ಹೋಗಿ ನಯಾಜ್ ಹೇಳಿದ್ದನ್ನೆಲ್ಲ ಮಾವನಿಗೆ ಬಿಡಿಸಿ ಹೇಳಿದೆ.

"ಮ್ಯಾಗ್ನೆಟ್ ಮಾವ. ಬೇರೇನಿಲ್ಲ."

ಅವರು ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದರು. ಆಮೇಲೆ ಕೇಳಿದರು: "ಅವಳ ಮ್ಯಾಗ್ನೆಟ್ಟೇ ಅಲ್ವೇನಮ್ಮ?"

ನನಗೆ ಹೌದಲ್ಲ ಅನ್ನಿಸಿತು.

ಆಮೇಲೆ ಆ ಕಂಪನಿಯೂ ಮುಚ್ಚಿತು, ಮಾವನೂ ಹೋದರು. ಸಾವಿರಾರು ಫೈಲು ಟೈಪ್ ಮಾಡಿದರೂ ಆ ಕೆಲಸ ನನಗೆ ಕಲಿಸಿದ ಒಂದೇ ಮಾತು ಉಳಿದಿದೆ. ಕತ್ತಲಾದ ತಕ್ಷಣ ವೈರು ಹುಡುಕಿಕೊಂಡು ಬಗ್ಗಿಬಿಡಬಾರದು. ಆ ಕತ್ತಲನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂರಬೇಕು, ಬೆನ್ನ ಹಿಂದೆ ಯಾರಿದ್ದಾರೆಂದು ಅದೇ ತೋರಿಸುತ್ತದೆ. ಈಗಲೂ ಎಲ್ಲಾದರೂ ಟಿ.ವಿ. ಆರಿದರೆ, ಮೊಬೈಲಿನ ಪರದೆ ಕಪ್ಪಾದರೆ, ನನ್ನ ಕಣ್ಣು ಅದರೊಳಗೆ ಒಂದು ಕೈಯನ್ನು ಹುಡುಕುತ್ತದೆ. ಭಯದಿಂದಲೋ ಆಸೆಯಿಂದಲೋ ಹೇಳಲಾರೆ.

ಆ ಶುಕ್ರವಾರ ಸಂಜೆ, ದೀಪ ಹಚ್ಚುವ ಮುಂಚೆ, ದೇವರ ಗೂಡಿನಿಂದ ಬಳೆಯನ್ನು ತೆಗೆದುಕೊಂಡು ಹೋಗಿ ಮಾವನ ಕೈಗೆ ಕೊಟ್ಟೆ. "ಇವತ್ತಿನ ಕೆಲ್ಸ ಮುಗೀತು ಮಾವ. ಇನ್ನು ನಿಮ್ಮದು. ದಿನಾ ಕೊನೇ ಫೈಲ್ ಕಳಿಸಿದ ಮೇಲೆ ಕರೀತೀನಿ" ಅಂದೆ. ಅವರು ಬೀದಿಯ ಆ ಕಡೆ, ಈ ಕಡೆ ನೋಡಿ ಬಳೆ ತೊಟ್ಟುಕೊಂಡರು. ನಾನು ಒಳಗೆ ಬಂದು ಮಾನಿಟರಿನ ಎದುರು ಕೂತೆ. ಸರಳಿನ ನಡುವಿನಿಂದ ಕೈ ಬಂದದ್ದು ಬಳೆಯ ಸದ್ದಿನಿಂದ ಗೊತ್ತಾಯಿತು. ಮಾನಿಟರ್ ಕಪ್ಪಾಯಿತು. ಬೆನ್ನ ಹಿಂದೆ ಬೆಳಕಾಗಿರಬೇಕು, ನಾನು ತಿರುಗಲಿಲ್ಲ.

"ಸಾಕು, ಮುಚ್ಚು ಇನ್ನ" ಅನ್ನುವವರಂತೆ ಆ ಕೈ ಲ್ಯಾಪ್‌ಟಾಪಿನ ಬೆನ್ನನ್ನು ಎರಡು ಸಲ ಮೆಲ್ಲಗೆ ತಟ್ಟಿದ್ದು ಕೇಳಿಸಿತು.

ಎದ್ದು ದೀಪ ಹಚ್ಚಿದೆ. ಬೆಳಿಗ್ಗೆ ಹಿತಕಿಟ್ಟ ಬೇಳೆಯ ನೀರು ಬಸಿದು, ಸಾರಿಗೆ ಕಾಯಿ ತುರಿಯಲು ಕೂತೆ.